ಬನಪ್ಪ ಹಾಕಿದ ದಡಿ

ಆ ಸಂಜೆ ಶಿರಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಯಾರು ಯಾರಿದ್ದರೆಂದು ಮೊದಲು ಹೇಳಿಬಿಡುತ್ತೇನೆ. ಹೊಸದಾಗಿ ಮದುವೆಯಾದ ತಂಗಿ ರತ್ನಾ ಮತ್ತು ಅವಳ ಗಂಡ. ಲಕ್ಷ್ಮೇಶ್ವರದಿಂದ ಬಂದಿದ್ದ ಅವಳ ಅತ್ತೆ, ಮಾವ. ಬೀಗರು ಬಂದಿದ್ದಾರೆಂದು ಮನೆಯೊಳಗೂ ಇಸ್ತ್ರಿ ಅಂಗಿ ತೊಟ್ಟು ತಿರುಗುತ್ತಿದ್ದ ಅಣ್ಣ. ಮಿರ್ಚಿ ಭಜಿ, ಚುರುಮುರಿಯ ತಾಟು ಹಿಡಿದು ಬಂದ ಅವನ ಹೆಂಡತಿ, ನಮ್ಮ ವೈನಿ. ಒಳಬಾಗಿಲ ಹೊಸ್ತಿಲಿಗೆ ಆತುಕೊಂಡು ನೀಲವ್ವ ದೊಡ್ಡವ್ವ ಕುಳಿತಿದ್ದಳು. ಟಿವಿಯ ಹತ್ತಿರ, ಮದುವೆಯ ಡಿವಿಡಿ ತಂದಿದ್ದ ಬನಪ್ಪ. ಅವನ ಪಕ್ಕದಲ್ಲಿ ನಾನು.

ಬನಪ್ಪ ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಕುಳಿತಿದ್ದ. ನನಗೆ ವಿಚಿತ್ರವೆನಿಸಿದ್ದು ಅದೇ. ಬನಪ್ಪನನ್ನು ಬಲ್ಲವರಿಗೆ ಅವನ ಮುಖಕ್ಕಿಂತ ಮೊದಲು ಕೈ ನೆನಪಾಗುತ್ತದೆ. ಟಿವಿ ಯಾರ ಮನೆಯದೇ ಇರಲಿ, ಚಿತ್ರ ಮೂಡಿದ ಕೂಡಲೇ ಎದ್ದು ಹೋಗಿ ಗಾಜಿನ ಮೇಲೆ ಗೇಣು ಹಾಕುತ್ತಿದ್ದ. ಒಂದು ಕಣ್ಣು ಮುಚ್ಚಿ ಈ ಅಂಚಿನಿಂದ ಆ ಅಂಚಿಗೆ ಅಳೆದು, "ಪನ್ನಾ ಕೂಡೇತಿ ನೋಡ್ರಿ" ಎಂದು ಹೇಳಿ ಬಂದು ಕುಳಿತರೇ ಅವನಿಗೆ ಸಮಾಧಾನ. ಎಣ್ಣೆಗೈಯಲ್ಲಿ ಟಿವಿ ಮುಟ್ಟಿದನೆಂದು ಎಷ್ಟೋ ಮನೆಗಳಲ್ಲಿ ಬೈಸಿಕೊಂಡಿದ್ದಾನೆ. ಅಂಥವನು ಆ ದಿನ ಗೇಣು ಹಾಕಲು ಏಳಲಿಲ್ಲ.

ಪನ್ನಾ ಅಂದರೆ ಬಟ್ಟೆಯ ಅಗಲ. ಬನಪ್ಪ ಬೆಟಗೇರಿಯ ನೇಕಾರರ ಮನೆಯವನು. ಅವನಪ್ಪ ಕಣ್ಣು ಮಂಜಾಗುವ ತನಕ ಸೀರೆ ನೇಯ್ದವನು. ಮನೆಯ ನಡುಮನೆಯಲ್ಲಿ ನೆಲ ಅಗೆದು ಕಟ್ಟಿದ ಮಗ್ಗದ ಕುಣಿಯಿತ್ತು. ನೇಯುವವನು ಕುಣಿಯ ಅಂಚಿಗೆ ಕುಳಿತು, ಕಾಲು ಒಳಗಿಳಿಬಿಟ್ಟು, ತುಳಿಗೆ ತುಳಿಯುತ್ತ ಲಾಳಿ ಓಡಿಸಬೇಕು. ಅಪ್ಪನ ಕಾಲಕ್ಕೇ ಮಗ್ಗ ನಿಂತಿತು. ಬನಪ್ಪ ಮಗ್ಗದ ಕಟ್ಟಿಗೆ ಬಿಚ್ಚಿ ಅಟ್ಟಕ್ಕೆ ಹಾಕಿದ, ಕುಣಿ ಮಾತ್ರ ಮುಚ್ಚಲಿಲ್ಲ. ಅದರ ಮೇಲೆ ಅಡ್ಡ ಹಲಗೆ ಇಟ್ಟು, ಹಲಗೆಯ ಮೇಲೆ ಕಂಪ್ಯೂಟರ್ ಇಟ್ಟು, ಕಾಲು ಕುಣಿಯಲ್ಲಿ ಬಿಟ್ಟು ಮದುವೆಯ ವಿಡಿಯೋ ಜೋಡಿಸುತ್ತಿದ್ದ. ಗಿರಾಕಿಗಳು ಕುರ್ಚಿ ಹುಡುಕಿದರೆ, "ಇಲ್ಲೇ ಕುಂಡ್ರಿ, ಕಾಲು ಇಳಿಬಿಡ್ರಿ, ತಂಪ ಇರ್ತೈತಿ" ಎನ್ನುತ್ತಿದ್ದ. ಖರೆ ಹೇಳಬೇಕೆಂದರೆ ಬೇಸಿಗೆಯಲ್ಲಿ ಗದಗ-ಬೆಟಗೇರಿಯಲ್ಲಿ ಅಷ್ಟು ತಂಪಾದ ಜಾಗ ಇನ್ನೊಂದಿರಲಿಲ್ಲ.

ನಾನು ಆಗ ಬೆಟಗೇರಿಯ ಶಾಲೆಯಲ್ಲಿ ಮಾಸ್ತರ. ಸಂಜೆ ಶಾಲೆ ಬಿಟ್ಟ ಮೇಲೆ ಬನಪ್ಪನ ಕುಣಿಗೆ ಹೋಗುತ್ತಿದ್ದೆ. ವಿಡಿಯೋದ ಮೇಲೆ ಮೂಡುವ ಹೆಸರುಗಳನ್ನು ತಪ್ಪಿಲ್ಲದೆ ಬರೆದುಕೊಡುವುದು ನನ್ನ ಕೆಲಸ. ವರನ ಹೆಸರು, ವಧುವಿನ ಹೆಸರು, ಇಂಥವರ ಮೊಮ್ಮಗ, ಇಂಥವರ ತಂಗಿಯ ಮಗಳು. ಯಾರಿಗೆ ಏನೆಂದು ಬರೆಯಬೇಕು, ಯಾರ ಹೆಸರು ಯಾರಿಗಿಂತ ಮೊದಲು ಬರಬೇಕು ಎಂಬುದೆಲ್ಲ ನನಗೆ ಶಾಲೆಯಲ್ಲಿ ಬಂದದ್ದಲ್ಲ, ನೀಲವ್ವ ದೊಡ್ಡವ್ವನಿಂದ ಬಂದದ್ದು. ಅವಳು ನಮ್ಮವ್ವನ ಅಕ್ಕ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ರತ್ನಾ ಹುಟ್ಟಿದ ತಿಂಗಳಲ್ಲೇ ಅವ್ವ ತೀರಿಕೊಂಡಾಗ, ಬಟ್ಟೆಯ ಗಂಟು ಹಿಡಿದು ನಮ್ಮ ಮನೆಗೆ ಬಂದು, ಕೂಸನ್ನು ಮಡಿಲಿಗೆ ಎತ್ತಿಕೊಂಡವಳು ಮತ್ತೆ ತನ್ನ ಮನೆಗೆ ಹೋಗಲಿಲ್ಲ. ಮಾತು ಕಲಿಸಿದವಳು ಅವಳೇ. ನಾನು ಏನಾದರೂ ತಪ್ಪು ಆಡಿದರೆ, "ಮಾತು ನೆಟ್ಟಗ ನಿಂದ್ರಿಸು, ಓಲಾಡಾಕತ್ತೈತಿ" ಎನ್ನುತ್ತಿದ್ದಳು.

ಬನಪ್ಪ ಮೊದಮೊದಲು ಮುಂಡರಗಿಯ ದಾವಲಸಾಬನ ಕ್ಯಾಮರಾ ಒಂದರಿಂದಲೇ ಕೆಲಸ ತೂಗಿಸಿದ. ದಾವಲಸಾಬ ಚಿತ್ರ ತೆಗೆಯುವವನು, ಬನಪ್ಪ ಜೋಡಿಸುವವನು. ಆ ಕ್ಯಾಮರಾದ ಚಿತ್ರ ಆಗಿನ ಟಿವಿಯ ಹಾಗೆ ಚೌಕಾಗಿರುತ್ತಿತ್ತು. ಆಮೇಲೆ ಬನಪ್ಪ ತನಗೇ ಒಂದು ಹೊಸ ಕ್ಯಾಮರಾ ತಂದ. ಅದರ ಚಿತ್ರ ಉದ್ದಕ್ಕೆ ಹಾಸಿದ ಜಮಖಾನೆಯ ಹಾಗೆ ಅಗಲ. ಎರಡೂ ಕ್ಯಾಮರಾದ ಚಿತ್ರ ಸೇರಿಸಿ ಮುಂಡರಗಿಯ ಒಂದು ಮದುವೆ ಮಾಡಿಕೊಟ್ಟ. ಡಿವಿಡಿ ಹಚ್ಚಿದರೆ ಅರ್ಧ ಮದುವೆಯಲ್ಲಿ ಜನ ಸರಿಯಾಗಿದ್ದಾರೆ, ಇನ್ನರ್ಧದಲ್ಲಿ ಎಲ್ಲರೂ ಬಡಕಲಾಗಿ ಉದ್ದಕ್ಕೆ ಬೆಳೆದುಬಿಟ್ಟಿದ್ದಾರೆ! ಮದುಮಗಳ ಅಜ್ಜಿ ಅಳುವುದಕ್ಕೇ ಕುಳಿತಳಂತೆ. "ಅರಿಷಿಣದಾಗ ಮೈ ತುಂಬಿಕೊಂಡಿದ್ದ ಹುಡುಗಿ, ತಾಳಿ ಕಟ್ಟೂದ್ರಾಗ ಹಿಂಗ ಸೊರಗ್ಯಾಳಲ್ಲೋ!" ಮದುಮಗನ ಅಪ್ಪ ಮಾತ್ರ ತನ್ನ ಹೊಟ್ಟೆ ಕರಗಿದ್ದು ನೋಡಿ, ಹಾಗೇ ಇರಲಿ ಎಂದನಂತೆ.

ದಾವಲಸಾಬ ಕುಣಿಯ ಅಂಚಿಗೆ ಕುಳಿತು ನಕ್ಕಿದ್ದೇ ನಕ್ಕಿದ್ದು. "ಬನಪ್ಪಾ, ನಿನ್ನ ಹೊಸ ಕ್ಯಾಮರಾ ನಮ್ಮಂಗ ರೋಜಾ ಉಪಾಸ ಹಿಡದೈತಿ ನೋಡಪಾ!"

"ಸುಮ್ನಿರಲೇ, ನಿನ್ನ ಹಳೇ ಡಬ್ಬೀದ ತಪ್ಪು" ಎಂದು ಬನಪ್ಪ ಅಂದ. ಆಮೇಲೆ ಹಲಗೆಯ ಮುಂದೆ ಕುಳಿತು ತಪ್ಪು ಹುಡುಕಿದ. ಅವನ ಕಂಪ್ಯೂಟರಿನಲ್ಲಿ ಮೊದಲು ಹಾಕಿದ ತುಣುಕಿನ ಅಗಲವೇ ಇಡೀ ವಿಡಿಯೋದ ಅಗಲವಾಗುತ್ತಿತ್ತು. ಮೊದಲು ದಾವಲಸಾಬನ ಚೌಕ ಚಿತ್ರ ಹಾಕಿದ್ದ. ಅದರ ಹಿಂದೆ ಬಂದ ಅಗಲ ಚಿತ್ರವನ್ನು ಕಂಪ್ಯೂಟರು ಒತ್ತಿ ಒತ್ತಿ ಆ ಚೌಕದೊಳಗೆ ತುಂಬಿತ್ತು. ನನಗೆ ತಿಳಿಯಲೆಂದು ಬನಪ್ಪ ಹೆಗಲ ಮೇಲಿನ ಟವೆಲ್ಲು ತೆಗೆದು ಹಲಗೆಯ ಮೇಲೆ ಹಾಸಿದ. "ನೋಡ್ರಿ ಮಾಸ್ತರ, ಇದು ದೊಡ್ಡ ಪನ್ನಾ. ಪೆಟಗಿ ಸಣ್ಣದು. ಹ್ಯಾಂಗ ಇಡ್ತೀರಿ? ಒಂದು, ಮುದ್ದಿ ಮಾಡಿ ತುರುಕಬೇಕು. ಇಲ್ಲಾಂದ್ರ ಎರಡೂ ಬಾಜೂ ಕತ್ತರಿ ಹಾಕಬೇಕು. ಅದೂ ಬ್ಯಾಡ ಅಂದ್ರ ಇಡೀ ಟವೆಲ್ಲನ್ನ ಸಣ್ಣದು ಮಾಡಿ ನಡುವ ಇಡಬೇಕು, ಮ್ಯಾಲೊಂದಿಷ್ಟು ಕೆಳಗೊಂದಿಷ್ಟು ಜಾಗಾ ಖಾಲಿ ಉಳಿತೈತಿ."

ಮೊದಲು ಕತ್ತರಿಯ ದಾರಿ ಹಿಡಿದ. ಅದರ ಫಲ ಹಿರೇವಡ್ಡಟ್ಟಿಯಿಂದ ಬಸ್ಸು ಹತ್ತಿ ಬಂತು. ಮದುಮಗಳ ಸೋದರಮಾವ, ಗಿರಿಜಾ ಮೀಸೆಯ ಮನುಷ್ಯ, ಚಪ್ಪಲಿ ಸಮೇತ ನಡುಮನೆಗೇ ನುಗ್ಗಿದ. "ಬಾಸಿಂಗ ಕಟ್ಟೋ ಕೈ ಯಾರದಲೇ ಅದು? ನನ್ನ ಕೈ! ಮಾರಿ ಎಲ್ಲಿಟ್ಟಿ? ಊರ ಮಂದಿ ಎಲ್ಲಾ ಕೇಳಾಕತ್ತಾರ, ಸೋದರಮಾವ ಬಂದಿದ್ದಿಲ್ಲೇನು ಅಂತ!" ಅಂಚಿಗೆ ನಿಂತಿದ್ದ ಅವನು ಕತ್ತರಿಗೆ ಸಿಕ್ಕಿ, ಕೈ ಅಷ್ಟೇ ಉಳಿದಿತ್ತು. ಬನಪ್ಪ ಇಡೀ ಮದುವೆಯನ್ನು ಮತ್ತೆ ಜೋಡಿಸಿ, ತಾನೇ ಹಿರೇವಡ್ಡಟ್ಟಿಗೆ ಹೋಗಿ ಕೊಟ್ಟು, ಅವರ ಮನೆಯಲ್ಲಿ ರೊಟ್ಟಿ ಉಂಡು ಬಂದ. ಬಂದವನು ಕುಣಿಯಲ್ಲಿ ಕಾಲು ಬಿಟ್ಟುಕೊಂಡು ಹೇಳಿದ ಮಾತು ನನಗೆ ಇವತ್ತಿಗೂ ಹಾಗೇ ಇದೆ:

"ಮಾಸ್ತರ, ಮದವೀಗೆ ಬಂದಾವ್ರು ಅಕ್ಕಿಕಾಳ ಹಾಕಿ ಊಟಾ ಮಾಡಿ ಹೋಗ್ಯಾರ. ಅವ್ರನ್ನ ಹೊರಗ ಹಾಕಾಕ ನಾ ಯಾರು? ಇನ್ನ ಮ್ಯಾಲ ನನ್ನ ಕೈಲೆ ಒಬ್ರನ್ನೂ ಕತ್ತರಸಂಗಿಲ್ಲ."

ಆ ಮಾತಿಗೆ ನಾನು ಮನಸೋತೆ. ಇಂಥ ಮನುಷ್ಯನ ಪಕ್ಕದಲ್ಲಿ ಕುಳಿತು ಹೆಸರು ಬರೆಯುತ್ತಿದ್ದೇನೆಂದು ಹೆಮ್ಮೆಪಟ್ಟೆ.

ಉಳಿದದ್ದು ಮೂರನೆಯ ದಾರಿ. ಚಿತ್ರ ಪೂರ್ತಿ ಇರುತ್ತದೆ, ಮೇಲೆ ಕೆಳಗೆ ಖಾಲಿ ಜಾಗ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಆದರೆ ನಮ್ಮ ಕಡೆ ಮದುವೆಯ ವಿಡಿಯೋಕ್ಕೆ ಕಪ್ಪು ಪಟ್ಟಿ ಯಾರು ಒಪ್ಪುತ್ತಾರೆ? ಮೊದಲ ಗಿರಾಕಿಯೇ ಡಿವಿಡಿ ತಂದು ಹಲಗೆಯ ಮೇಲೆ ಒಗೆದ. "ಸತ್ತಾವ್ರ ಕಾರ್ಡಿಗೆ ಹಚ್ಚಿದಂಗ ಕರೀ ಅಂಚು ಹಚ್ಚೀಯಲ್ಲೋ! ನನ್ನ ಮಗಳು ಬಾಳಬೇಕೋ ಬ್ಯಾಡೋ?"

ಬನಪ್ಪ ಎರಡು ದಿನ ಅನ್ನ ಸೇರದವನ ಹಾಗೆ ತಿರುಗಿದ. ಮೂರನೆಯ ದಿನ ನಾನು ಹೋದಾಗ ಹಿತ್ತಲಲ್ಲಿ ನಿಂತಿದ್ದ. ಹಗ್ಗದ ಮೇಲೆ ಅವನ ಹೆಂಡತಿಯ ಸೀರೆ ಉದ್ದಕ್ಕೆ ಒಣಗುತ್ತಿತ್ತು. ಮೇಲಂಚಿಗೊಂದು ದಡಿ, ಕೆಳಗಂಚಿಗೊಂದು ದಡಿ, ನಡುವೆ ಒಡಲು. "ಮಾಸ್ತರ, ಇಲ್ಲೇ ಐತಲ್ಲರೀ!" ಎಂದು ಕೂಗಿದವನೇ ಕ್ಯಾಮರಾ ತಂದು ದಡಿಯ ಚಿತ್ರ ಹಿಡಿದ. ಆ ಒಂದೇ ತುಂಡನ್ನು ಮತ್ತೆ ಮತ್ತೆ ಪಕ್ಕಪಕ್ಕ ಜೋಡಿಸಿ ಕಪ್ಪು ಪಟ್ಟಿಯ ಜಾಗಕ್ಕೆ ಹಾಸಿದ. ಮದುವೆಯ ಚಿತ್ರ ನಡುವೆ, ಮೇಲೆ ಕೆಳಗೆ ಕೆಂಪು ದಡಿ. ಸೀರೆ ಉಟ್ಟ ವಿಡಿಯೋ!

ಜನಕ್ಕೆ ಹುಚ್ಚು ಹಿಡಿಯಿತು. ಬರಬರುತ್ತ ಅದೊಂದು ಪದ್ಧತಿಯೇ ಆಯಿತು. ವಿಡಿಯೋಕ್ಕೆ ಹೇಳಲು ಬಂದವರು ಮನೆಯ ಒಂದು ಹಳೆಯ ಸೀರೆಯನ್ನೂ ತರುತ್ತಿದ್ದರು. ಅಜ್ಜಿಯದು, ಸೋದರತ್ತೆಯದು, ತೀರಿಹೋದ ತಾಯಿಯದು. ಒಬ್ಬರ ಮನೆಯ ದಡಿಯನ್ನು ಬನಪ್ಪ ಇನ್ನೊಬ್ಬರ ಮದುವೆಗೆ ಹಾಕುತ್ತಿರಲಿಲ್ಲ. "ಅದು ಅವರವರ ಮನೀ ಮಾನರಿ" ಎನ್ನುತ್ತಿದ್ದ.

ರತ್ನಾಳ ಮದುವೆ ಬಂದದ್ದು ಆ ದಿನಗಳಲ್ಲಿ. ಅಪ್ಪನೂ ಇರಲಿಲ್ಲ, ಅಣ್ಣನೇ ಹಿರಿಯ. ಶಿರಹಟ್ಟಿಯ ನಮ್ಮ ಮನೆಯ ಮುಂದೆಯೇ ಹಂದರ. ಕೂಸಿದ್ದಾಗಿನಿಂದ ರತ್ನಾಳನ್ನು ಬೆಳೆಸಿದ ದೊಡ್ಡವ್ವ ಆ ದಿನ ಹಂದರದ ಎಡಗಡೆಯ ಕಂಬದ ಹತ್ತಿರ ನಿಂತಿದ್ದಳು. ಮದುಮಕ್ಕಳ ಗದ್ದುಗೆಯ ಮೇಲೆ ಮುತ್ತೈದೆಯರಿಗೆ ಜಾಗ. ಅವಳು ಗಂಡನಿಲ್ಲದವಳು. ಯಾರೂ ದೂರ ನಿಲ್ಲು ಎನ್ನಲಿಲ್ಲ, ಹತ್ತಿರ ಬಾ ಎಂದೂ ಕರೆಯಲಿಲ್ಲ. ರತ್ನಾ ಎರಡು ಸಲ ಆ ಕಡೆ ತಿರುಗಿ ನೋಡಿದ್ದನ್ನು ನಾನು ಕಂಡೆ.

ದಾವಲಸಾಬನ ಕ್ಯಾಮರಾ ಗದ್ದುಗೆಯ ಮುಂದಿತ್ತು. ಬನಪ್ಪ ತನ್ನ ಅಗಲ ಕ್ಯಾಮರಾ ಹಿಡಿದು ಹಿಂದೆ, ಸ್ಟೂಲಿನ ಮೇಲೆ ನಿಂತಿದ್ದ. ಮದುವೆಯಾಗಿ ಎರಡು ವಾರಕ್ಕೆ ದೊಡ್ಡವ್ವ ಕಣ್ಣು ತೋರಿಸಿಕೊಳ್ಳಲು ಗದಗಿಗೆ ಬಂದಾಗ ಅವಳನ್ನು ಕುಣಿಗೆ ಕರೆದೊಯ್ದೆ. ಬನಪ್ಪ ಅವಳನ್ನು ಅಂಚಿಗೆ ಕುಳ್ಳಿರಿಸಿ ಅಕ್ಕಿಕಾಳಿನ ತುಣುಕು ಹಾಕಿದ. ನಡುವೆ ಮದುಮಕ್ಕಳು. ಬಲತುದಿಯಲ್ಲಿ ಬೀಗರ ಕಾಕಾ, ಅಕ್ಕಿಕಾಳು ಹಾಕುವುದು ಬಿಟ್ಟು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾನೆ. ಎಡತುದಿಯಲ್ಲಿ, ಕಂಬದ ಪಕ್ಕ, ದೊಡ್ಡವ್ವ. ತಲೆಯ ಮೇಲೆ ಸೆರಗು, ಒಂದು ಕೈಯಲ್ಲಿ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಕೈಯನ್ನು ಪೂರ್ತಿ ಚಾಚಿ ಅಕ್ಕಿಕಾಳು ಎಸೆಯುತ್ತಿದ್ದಾಳೆ. ಹೊಲದಲ್ಲಿ ಹಕ್ಕಿ ಹೊಡೆಯುವವರ ಹಾಗೆ, ಅಷ್ಟು ದೂರಕ್ಕೆ.

"ಅಯ್ಯ, ನಾ ಇಷ್ಟು ಮುದುಕಿ ಆಗೀನೇನೋ?" ಎಂದಳು. ಆಮೇಲೆ ಪರದೆಗೆ ಮೂಗು ತಾಗುವಷ್ಟು ಬಗ್ಗಿ, "ಅಲ್ಲಿಂದ ಒಗದ್ರೂ ಆಕೀ ತಲೀ ಮ್ಯಾಲ ಬಿದ್ದೂವು, ನೋಡೋ! ಇನ್ನೊಮ್ಮೆ ಹಚ್ಚು ತಮ್ಮಾ" ಎಂದಳು. ಬನಪ್ಪ ಇನ್ನೊಮ್ಮೆ ಹಚ್ಚಿದ. ಮತ್ತೊಮ್ಮೆಯೂ.

ದೊಡ್ಡವ್ವನ ಚಿತ್ರವೆಂದು ನಮ್ಮ ಮನೆಯಲ್ಲಿದ್ದದ್ದು ಓಟಿನ ಕಾರ್ಡಿನ ಮೇಲಿನ ಮಸುಕು ಮುಖ ಒಂದೇ. ಅವಳು ನಡೆದಾಡಿದ್ದು, ಕೈ ಬೀಸಿದ್ದು ಎಲ್ಲಾದರೂ ಉಳಿದಿದ್ದರೆ ಅದು ಈ ತುಣುಕಿನಲ್ಲಿ ಮಾತ್ರ. ನಾನು ಬನಪ್ಪನಿಗೆ ಅವಳೆದುರಿಗೇ ಹೇಳಿದೆ: "ಬನಪ್ಪಣ್ಣಾ, ಬ್ಯಾರೆ ಏನಾದ್ರೂ ಹೋಗಲಿ, ಇದೊಂದು ಹಿಂಗ ಪೂರಾ ಇರಬೇಕು."

"ಏನ್ ಮಾತಂತ ಆಡ್ತೀರಿ ಮಾಸ್ತರ? ನಾ ಕತ್ತರಿ ಬಿಟ್ಟು ಎಷ್ಟ ದಿನ ಆತು! ದೊಡ್ಡವ್ವಾರ, ನಿಮ್ಮದೊಂದು ಸೀರಿ ಕೊಡ್ರಿ. ನಿಮ್ಮನೀ ಮದವೀಗೆ ನಿಮ್ಮದ ದಡಿ."

ಮುಂದಿನ ವಾರ ಅವಳು ನನ್ನ ಕೈಯಲ್ಲಿ ಕಳಿಸಿದ್ದು ತನ್ನ ಮದುವೆಯ ಸೀರೆ. ಇಳಕಲ್ಲ ಸೀರೆ, ಗೋಮಿ ಎಂಬ ನೇಯ್ಗೆಯ ಕೆಂಪು ದಡಿ. ಗಂಡ ಹೋದ ದಿನ ಟ್ರಂಕಿಗೆ ಹಾಕಿದ್ದು ಮತ್ತೆ ಉಟ್ಟಿರಲಿಲ್ಲ. ದಡಿಯ ಒಂದು ಕಡೆ ಎಳ್ಳಿನಷ್ಟು ಸುಟ್ಟ ತೂತು. ಆರತಿಯ ಕಿಡಿ ಸಿಡಿದು ಆದದ್ದೆಂದೂ, ಅದಕ್ಕಾಗಿ ಅತ್ತೆ ಮದುವೆಯ ದಿನವೇ ಬೈದಳೆಂದೂ ನಮಗೆಲ್ಲ ನೂರು ಸಲ ಹೇಳಿದ್ದಳು. "ಬನಪ್ಪಗ ಹೇಳು, ನನಗಂತೂ ಉಡಾಕ ಬರಂಗಿಲ್ಲ, ವಿಡಿಯೋಕ್ಕರ ಉಡಸಲಿ" ಎಂದು ಹೇಳಿ ಕಳಿಸಿದಳು. ಬನಪ್ಪ ಸೀರೆ ಬಿಡಿಸಿ ದಡಿಯ ಮೇಲೆ ಗೇಣು ಹಾಕಿದ. ಅವನ ಕಣ್ಣಲ್ಲಿ ನೀರಿತ್ತು. ಅದು ಸುಳ್ಳೆಂದು ನನಗೆ ಇವತ್ತಿಗೂ ಹೇಳಲಿಕ್ಕಾಗುವುದಿಲ್ಲ. "ನಮ್ಮಪ್ಪ ಇದ್ರ ಈ ದಡೀಗೆ ಕೈ ಮುಗೀತಿದ್ದ" ಅಂದ.

ಈಗ ಮತ್ತೆ ಆ ಸಂಜೆಗೆ ಬರುತ್ತೇನೆ.

ಡಿವಿಡಿ ಶುರುವಾಯಿತು. ನಾನು ಬರೆದುಕೊಟ್ಟ ಹೆಸರುಗಳು ಬಂದವು. ಅರಿಷಿಣ, ಬಳೆ ಇಡಿಸುವುದು, ಬೀಗರನ್ನು ಎದುರುಗೊಳ್ಳುವುದು ಎಲ್ಲ ಬಂತು. ದಡಿ ಬರಲಿಲ್ಲ. ಅಗಲ ಚಿತ್ರಗಳೆಲ್ಲ ಎರಡೂ ಬದಿ ಕತ್ತರಿಸಿಕೊಂಡು ಚೌಕಾಗಿದ್ದವು. ನಾನು ಬನಪ್ಪನ ಕಡೆ ನೋಡಿದೆ. ಅವನು ಟಿವಿಯನ್ನೇ ನೋಡುತ್ತಿದ್ದ.

ಅಕ್ಕಿಕಾಳು ಬಂತೆಂದು ವಾದ್ಯದ ಸದ್ದಿಗೇ ದೊಡ್ಡವ್ವನಿಗೆ ತಿಳಿಯಿತು. ಹೊಸ್ತಿಲು ಬಿಟ್ಟು ಎರಡು ಹೆಜ್ಜೆ ಮುಂದೆ ಸರಿದು ಕುಳಿತಳು. "ಈಗ ನೋಡ ರತ್ನಾ, ಈಗ ಬರ್ತೀನಿ ನಾ" ಎಂದಳು. ರತ್ನಾ ನಗುತ್ತ ತಿರುಗಿದಳು.

ಮದುಮಕ್ಕಳು ಬಂದರು. ಗುಂಡಿ ಹಾಕಿಕೊಳ್ಳುವ ಬೀಗರ ಕಾಕಾ ಬಂದ. ಎಡಗಡೆ ಕಂಬವಿರಲಿಲ್ಲ. ಪರದೆಯ ಎಡ ಅಂಚಿನಿಂದ ಒಂದು ಕೈ, ಮೊಣಕೈ ತನಕ, ಹಸಿರು ಹಚ್ಚೆಯ ಕೈ, ಒಳಗೆ ಬಂದು ಅಕ್ಕಿಕಾಳು ಎಸೆದು ಹೊರಗೆ ಹೋಯಿತು. ಅಷ್ಟೇ.

ಮಿರ್ಚಿ ಕಡಿಯುತ್ತಿದ್ದವರು ಕಡಿಯುವುದು ನಿಲ್ಲಿಸಿದರು. ಬೀಗಿತಿ ತನ್ನ ಬಳೆ ಸರಿಮಾಡಿಕೊಂಡಳು. ದೊಡ್ಡವ್ವ ತನ್ನ ಕೈಯ ಹಚ್ಚೆಯನ್ನೊಮ್ಮೆ ನೋಡಿಕೊಂಡು, ಟಿವಿಯನ್ನೊಮ್ಮೆ ನೋಡಿದಳು.

"ನಾ ಅಲ್ಲೇ ಇದ್ದೆ" ಎಂದಳು.

"ಸೆಟ್ಟಿಂಗ್ ಹೆಚ್ಚುಕಮ್ಮಿ ಆಗೇತ್ರಿ ಯವ್ವಾ" ಬನಪ್ಪ ತಲೆ ಎತ್ತದೆ ಅಂದ. "ಹಳೇ ಕ್ಯಾಮರಾದ್ದು ಹೊಸಾದ್ದು ಪನ್ನಾ ಕೂಡಲಿಲ್ಲ. ಮಶಿನ್ನ ಬಾಜೂದ್ದೆಲ್ಲಾ ಕತ್ತರಿಸಿಬಿಡ್ತು. ದಡೀನೂ ಕುಂಡ್ರಲಿಲ್ಲ."

"ಮುಂದಕ್ಕ ಓಡಸು, ಊಟದ್ದು ಬರಲಿ" ಎಂದ ಅಣ್ಣ.

ದೊಡ್ಡವ್ವ ಬನಪ್ಪನ ಬಗ್ಗಿದ ತಲೆ ನೋಡಿದಳು. ಅವಳಿಗೆ ಅವನ ಮೇಲೆಯೇ ಕನಿಕರ ಬಂತು. "ಹೋಗ್ಲಿ ಬಿಡೋ ತಮ್ಮಾ, ಮಶಿನ್ನಿಗೆ ಏನ ತಿಳಿತೈತಿ ಪಾಪ. ಕೈಯರ ಬಂದೈತಲ್ಲ. ನನ್ನ ಕೈ ಅಂತ ನನಗ ಗುರುತ ಹತ್ತೇತಿ, ಸಾಕು. ಮಿರ್ಚಿ ತಿನ್ನು, ಆರಾಕತ್ತಾವು." ತಾನೇ ಎದ್ದು ಅವನ ಮುಂದೆ ತಾಟು ಸರಿಸಿದಳು. ಬನಪ್ಪ ಒಂದು ಮಿರ್ಚಿ ತೆಗೆದುಕೊಂಡ. ತಿಂದನೋ ಇಲ್ಲವೋ ನಾನು ನೋಡಲಿಲ್ಲ.

ನಾನೂ ನಂಬಿದೆ. ಎಷ್ಟೆಂದರೂ ಪನ್ನಾ ಕೂಡದ ಕಾಟವನ್ನು ಕಣ್ಣಾರೆ ಕಂಡವನು ನಾನು. ಮರುದಿನ ಮನೆಯಲ್ಲಿ ಯಾರೂ ಇಲ್ಲದಾಗ, ಆ ಕೈಯನ್ನಾದರೂ ಇನ್ನೊಮ್ಮೆ ನೋಡೋಣವೆಂದು ಡಿವಿಡಿ ಹಚ್ಚಿದೆ. ಆಗ ತಿಳಿಯಿತು.

ಮಶಿನ್ನು ಕತ್ತರಿಸಿದರೆ ಎರಡೂ ಬದಿ ಸಮ ಕತ್ತರಿಸುತ್ತದೆ. ಅದು ಯಾರ ಮುಖವನ್ನೂ ಅರಿಯದು. ಟವೆಲ್ಲು ಹಾಸಿ ಇದನ್ನು ನನಗೆ ತೋರಿಸಿಕೊಟ್ಟವನು ಬನಪ್ಪನೇ. ಉಳಿದ ಎಲ್ಲ ಕಡೆ ಹಾಗೇ ಆಗಿತ್ತು: ಎಡದಿಂದ ಇಬ್ಬರು ಹೋದರೆ ಬಲದಿಂದ ಇಬ್ಬರು. ಆದರೆ ಅಕ್ಕಿಕಾಳಿನ ಆ ಒಂದು ತುಣುಕಿನಲ್ಲಿ ಬಲತುದಿಯ ಬೀಗರ ಕಾಕಾ ಅಂಗಿಯ ಕೊನೆಯ ಗುಂಡಿಯ ಸಮೇತ ಪೂರ್ತಿ ಇದ್ದ. ಮದುಮಕ್ಕಳು ನಡುವೆ ಇರಲಿಲ್ಲ, ಎಡಕ್ಕೆ ಸರಿದಿದ್ದರು. ಚಿತ್ರವನ್ನು ಯಾರೋ ಕೈಯಿಂದ ಹಿಡಿದು ಪಕ್ಕಕ್ಕೆ ಎಳೆದಿದ್ದರು. ಕಂಬ ಹೋಗಲಿ ಎಂದು ಎಳೆದಿದ್ದರು. ದೊಡ್ಡವ್ವ ಹೋಗುವ ತನಕ ಎಳೆದಿದ್ದರು.

ಡಿವಿಡಿ ನಿಲ್ಲಿಸಿ ಬೆಟಗೇರಿಯ ಬಸ್ಸು ಹತ್ತಿದೆ.

ಬನಪ್ಪ ಕುಣಿಯಲ್ಲಿ ಕಾಲು ಬಿಟ್ಟುಕೊಂಡು ಕುಳಿತಿದ್ದ. ನಾನು ಅಂದು ಕುಳಿತುಕೊಳ್ಳಲಿಲ್ಲ.

"ಬನಪ್ಪಣ್ಣಾ, ಬೀಗರ ಕಾಕಾ ಪೂರಾ ಅದಾನ."

ಅವನಿಗೆ ಅಷ್ಟು ಸಾಕಾಯಿತು. ಮೌಸಿನ ಮೇಲಿನ ಕೈ ತೆಗೆದ. "ಹೌದ್ರಿ ಮಾಸ್ತರ. ನಾನ ಸರಿಸೀನಿ."

"ಯಾಕ?"

"ನಿಮ್ಮ ಅಣ್ಣಾರು ಬಂದಿದ್ರು. ಇಲ್ಲೇ, ನೀವು ಕುಂಡ್ರೋ ಜಾಗಾದಾಗ ಕುಂತಿದ್ರು. ಬೀಗಿತಿ ಏನೋ ಅಂದ್ರಂತ, ಶುಭದ ವ್ಯಾಳ್ಯಾದಾಗ ಕಂಬದ ಹಂತ್ಯಾಕ ಅಂಥಾಕಿ ನಿಂತಿದ್ಲು, ವಿಡಿಯೋದಾಗ ಬಂದಿರಬಾರದು ಅಂತ. ವರ್ಷಾನಗಟ್ಟಲೆ ಟಿವಿ ಹಚ್ಚಿದಾಗೊಮ್ಮೆ ರತ್ನವ್ವಾರಿಗೆ ಚುಚ್ಚತಾರ, ಹೆಣ್ಣಿನ ಬಾಳೇದ ಮಾತು, ಆಕೀ ಸೀರೀ ದಡೀನೂ ಬ್ಯಾಡ ಅಂದ್ರು ಅಣ್ಣಾರು. ನಾ ಏನ್ ಅನ್ಲಿ?"

"ಬ್ಯಾಡ ಅಂದಿದ್ದನ್ನ ನನಗ ಹೇಳಬೇಕಿತ್ತು."

"ನಿಮಗ ಹೇಳಿದ್ರ ನೀವು ಬಿಡ್ತಿದ್ದಿಲ್ಲ."

"ಆತು. ಅಣ್ಣ ಹೇಳಿದ, ನೀ ಕತ್ತರಿಸಿದಿ. ಮತ್ತ ಆಕೀ ಮುಂದ ಕುಂತು ಮಶಿನ್ ಅಂತ ಯಾಕಂದಿ? ಆಕಿ ನಿನಗ ಮಿರ್ಚಿ ಕೊಟ್ಲು, ಬನಪ್ಪಾ."

ಅಣ್ಣಾ ಎನ್ನುವುದು ಬಿಟ್ಟುಹೋಗಿತ್ತು. ಅವನಿಗೂ ಅದು ಕೇಳಿಸಿತು. "ಮಶಿನ್ನಿಗೆ ಬಾಯಿ ಇಲ್ಲಲ್ಲರಿ, ಅದು ತಿರುಗಿ ಮಾತಾಡಂಗಿಲ್ಲ" ಎಂದ.

ಆ ತುಣುಕನ್ನಾದರೂ ಕೊಡು, ವಿಡಿಯೋ ಬೇಡ, ಅದೊಂದೇ ಸಾಕು ಎಂದು ಕೇಳಿದೆ. ಅವನು ಕುಣಿಯೊಳಗೆ ನೋಡುತ್ತ ಹೇಳಿದ: ಟೇಪಿನ ಮೇಲೆ ಕುರ್ತಕೋಟಿಯ ಮದುವೆ ತುಂಬಿಯಾಗಿದೆ. ಕಂಪ್ಯೂಟರಿನಲ್ಲಿ ಜಾಗವಿಲ್ಲವೆಂದು ಅಲ್ಲಿಯದನ್ನೂ ಅಳಿಸಿದ್ದಾನೆ. ಒಂದು ಟೇಪಿನ ಮೇಲೆ ಇನ್ನೊಂದು ಮದುವೆ ತುಂಬುವುದು ಅವರ ಧಂದೆಯಲ್ಲಿ ದಿನದ ಮಾತು, ಅದು ನನಗೂ ಗೊತ್ತಿತ್ತು. ಆದರೆ ಇದೊಂದು ಪೂರಾ ಇರಬೇಕೆಂದು ಹೇಳಿದ್ದೆನಲ್ಲ.

ಅಣ್ಣನ ಮೇಲೆ ಸಿಟ್ಟು ಬಂತು, ಜಗಳವಾಯಿತು, ಮಾತು ಬಿಟ್ಟೆವು, ಮತ್ತೆ ಆಡಿದೆವು. ಅಣ್ಣ ಬೀಗರ ಮುಂದೆ ಬಗ್ಗುವವನೆಂದು ಮೊದಲೇ ಗೊತ್ತಿದ್ದದ್ದು. ಬೀಗಿತಿಯಿಂದ ನಾನು ಬೇರೇನನ್ನೂ ನಿರೀಕ್ಷಿಸಿರಲಿಲ್ಲ. ಬನಪ್ಪನದೇ ಬೇರೆ. ಅವನು ಯಾರನ್ನೂ ಹೊರಗೆ ಹಾಕುವುದಿಲ್ಲ ಅಂದಿದ್ದ. ನಾನದನ್ನು ನಂಬಿ, ದೊಡ್ಡವ್ವನನ್ನು ಅವನ ಕುಣಿಯ ಅಂಚಿಗೆ ತಂದು ಕುಳ್ಳಿರಿಸಿದ್ದೆ. ಗಿರಿಜಾ ಮೀಸೆ ಹೊತ್ತು ಬಸ್ಸು ಹತ್ತಿ ಬಂದು ಕೂಗಿದವನಿಗೆ ಇಡೀ ಮದುವೆ ಮತ್ತೆ ಜೋಡಿಸಿಕೊಟ್ಟವನು, ಕೂಗದೆ ತಾಟು ಸರಿಸಿದವಳಿಗೆ ಸುಳ್ಳು ಹೇಳಿದ. ಇದು ನನ್ನೊಳಗೆ ಇನ್ನೂ ಆರಿಲ್ಲ.

ಅದೇ ನಾನು ಬನಪ್ಪನನ್ನು ಕಡೆಯ ಸಲ ನೋಡಿದ್ದು. ಸೀರೆಯನ್ನು ಇಸ್ತ್ರಿ ಮಾಡಿಸಿ ದಾವಲಸಾಬನ ಕೈಯಲ್ಲಿ ಕಳಿಸಿಕೊಟ್ಟ. "ಏನಾತ್ರಿ ನಿಮ್ಮಿಬ್ರಿಗೆ? ಕುಣಿ ಬಿಕೋ ಅಂತೈತಿ" ಎಂದು ದಾವಲಸಾಬ ಕೇಳಿದ. ನಾನು ಏನೂ ಹೇಳಲಿಲ್ಲ. ದೊಡ್ಡವ್ವನಿಗೂ ಹೇಳಲಿಲ್ಲ. ಅವಳು ಸೀರೆ ಮೂಸಿ ನೋಡಿ, "ಛಲೋ ಇಟ್ಟಿದ್ದ ಬನಪ್ಪ" ಎಂದು ಟ್ರಂಕಿಗೆ ಹಾಕಿದಳು. ಮೂರ್ನಾಲ್ಕು ವರ್ಷಕ್ಕೆ ತೀರಿಕೊಂಡಳು. ಗೋಡೆಗೆ ಹಾಕಲು ಓಟಿನ ಕಾರ್ಡಿನ ಮುಖವನ್ನೇ ದೊಡ್ಡದು ಮಾಡಿಸಿದೆವು. ದೊಡ್ಡದಾದಷ್ಟೂ ಮಸುಕಾಯಿತು. ಆ ಹೊತ್ತಿಗೆ ಎಲ್ಲರ ಮನೆಗೂ ಅಗಲ ಟಿವಿ ಬಂದು, ಪನ್ನಾದ ತಾಪತ್ರಯವೂ ದಡಿಯ ಪದ್ಧತಿಯೂ ಒಟ್ಟಿಗೇ ಮುಗಿದಿದ್ದವು. ಬನಪ್ಪ ಕುಣಿಗೆ ಮಣ್ಣು ತುಂಬಿಸಿ, ಸಿಮೆಂಟು ಹಾಕಿಸಿ, ಮನೆ ಬಾಡಿಗೆಗೆ ಕೊಟ್ಟು ಮಗಳ ಊರಿಗೆ ಹೋದನೆಂದು ಕೇಳಿದೆ. ಯಾವ ಊರೆಂದು ಕೇಳಲಿಲ್ಲ.

ಅದಾಗಿ ಎಷ್ಟೋ ದಿನಗಳ ಮೇಲೆ ಕುರ್ತಕೋಟಿಗೆ ಹೋಗಿದ್ದೆ, ನನ್ನ ಜೊತೆ ಕೆಲಸ ಮಾಡುವ ಮಾಸ್ತರರೊಬ್ಬರ ಮನೆಗೆ. ಚಹಾ ಆಗುವ ತನಕ ಅವರ ತಾಯಿ ಮಗಳ ಮದುವೆಯ ಹಳೆಯ ವಿಡಿಯೋ ಹಚ್ಚಿದರು. ಗುರುತಿಲ್ಲದ ಮದುಮಕ್ಕಳು, ಗುರುತಿಲ್ಲದ ಹಂದರ. ಮೇಲೆ ಕೆಳಗೆ ಕೆಂಪು ಗೋಮಿ ದಡಿ. ದಡಿಯ ಮೇಲೆ ಗೇಣಿಗೊಂದರಂತೆ, ಎಳ್ಳಿನಷ್ಟು ಸುಟ್ಟ ತೂತು.

ನಾನು ಎದ್ದು ಹೋಗಿ ಟಿವಿಯ ಗಾಜಿನ ಮೇಲೆ ಕೈ ಇಟ್ಟೆ. ತಾಯಿ ಗಾಬರಿಯಾದರು. "ಯಾಕ್ರೀ ಮಾಸ್ತರ?"

"ಈ ದಡಿ ನಿಮ್ಮನೀದೇನ್ರಿ?"

"ಅಲ್ರಿ. ನಾವು ಸೀರಿ ಕೊಡೂದು ಮರತಿದ್ವಿ, ವಿಡಿಯೋದಾವ್ರ ಹಾಕ್ಯಾರ. ಭಾಳ ಮಂದೀಗೆ ಇದ್ನ ಹಾಕ್ಯಾರಂತ. ಕಣಗಿನಹಾಳದಾಗ ನಮ್ಮ ತಂಗೀ ಮನ್ಯಾಗೂ ಐತಿ. ಯಾರ ಸೀರೀದೋ ಏನೋ, ಛಂದ ಐತಲ್ಲ?"

"ನಮ್ಮ ದೊಡ್ಡವ್ವಂದ್ರಿ" ಎಂದೆ.

"ಹೌದಾ!" ಅವರ ಮುಖ ಅರಳಿತು. ಟಿವಿಯ ಹತ್ತಿರ ಕುರ್ಚಿ ಎಳೆದುಕೊಂಡು, ಪರದೆಯ ಮೇಲಿನ ಜನರಲ್ಲಿ ಹುಡುಕುತ್ತ ಕೇಳಿದರು, "ಹಂಗಾರ ಅವ್ರೂ ನಮ್ಮ ಮದವೀಗೆ ಬಂದಿದ್ರೇನು? ಎಲ್ಲಿ ಅದಾರ, ತೋರಸ್ರಿ."

"ಇಲ್ರಿ" ಎಂದೆ. "ದಡಿ ಅಷ್ಟ ಬಂದೈತಿ."

ಚಹಾ ಬಂತು. ವಿಡಿಯೋದಲ್ಲಿ ಅಕ್ಕಿಕಾಳು ಬೀಳುತ್ತಿತ್ತು. ಮುಗಿಯುವ ತನಕ ಕುಳಿತು ನೋಡಿ, ಕಡೆಯ ಬಸ್ಸಿಗೆ ಎದ್ದು ಬಂದೆ.